ಒಗೆದು ತಂದ ಬಟ್ಟೆಯಲ್ಲೇ ಬೂಷ್ಟು: ಹಾಂಗ್‌ಕಾಂಗ್ ಆಸ್ಪತ್ರೆಯೊಂದರ ಲಾಂಡ್ರಿ ಪ್ರಕರಣ

2015ರ ಜೂನ್ 2ರಿಂದ ಜುಲೈ 18ರ ನಡುವೆ ಹಾಂಗ್‌ಕಾಂಗ್‌ನ ಕ್ವೀನ್ ಮೇರಿ ಆಸ್ಪತ್ರೆಯಲ್ಲಿ ಆರು ರೋಗಿಗಳಿಗೆ ಒಂದೇ ಜಾತಿಯ ಫಂಗಸ್ ಸೋಂಕು ತಗುಲಿತು. ನಾಲ್ವರಿಗೆ ಶ್ವಾಸಕೋಶದಲ್ಲಿ, ಮೂವರಿಗೆ ಚರ್ಮದಲ್ಲಿ. ಕೂಡಿದರೆ ಏಳಾಗುತ್ತದೆ, ಯಾಕೆಂದರೆ ಒಬ್ಬರಿಗೆ ಎರಡೂ ಕಡೆ ಇತ್ತು. ಆರೂ ಜನ ರೋಗನಿರೋಧಕ ಶಕ್ತಿ ಕುಗ್ಗಿದ್ದವರು. ಫಂಗಸ್‌ನ ಹೆಸರು ರೈಜೋಪಸ್ ಮೈಕ್ರೋಸ್ಪೋರಸ್.

ಹೆಸರು ಹೊಸದು ಅನಿಸಬಹುದು, ಕಾಯಿಲೆ ನಮಗೆ ಹೊಸದಲ್ಲ. 2021ರ ಬೇಸಿಗೆಯಲ್ಲಿ, ಕೋವಿಡ್‌ನ ಎರಡನೇ ಅಲೆಯ ಜೊತೆ ಕರ್ನಾಟಕದಲ್ಲಿ ಎಲ್ಲರ ಬಾಯಲ್ಲೂ ಇದ್ದ ‘ಬ್ಲ್ಯಾಕ್ ಫಂಗಸ್’ ನೆನಪಿದೆ ಅಲ್ವಾ? ವೈದ್ಯರು ಅದನ್ನು ಮ್ಯೂಕರ್‌ಮೈಕೋಸಿಸ್ ಅನ್ನುತ್ತಾರೆ. ಅದನ್ನು ತರುವ ಫಂಗಸ್‌ಗಳ ಕುಟುಂಬಕ್ಕೇ ಈ ರೈಜೋಪಸ್ ಸೇರಿದ್ದು. ಹಳಸಿದ ಬ್ರೆಡ್ ಮೇಲೆ ಬರುವ ಬೂದು ಬಣ್ಣದ ಬೂಷ್ಟು ಕೂಡ ಇದರ ದಾಯಾದಿಯೇ. ಗಾಳಿಯಲ್ಲಿ, ಮಣ್ಣಿನಲ್ಲಿ, ಕೊಳೆತ ಎಲೆಯಲ್ಲಿ ಇದರ ಬೀಜಕಣಗಳು ಯಾವಾಗಲೂ ಇರುತ್ತವೆ. ಆರೋಗ್ಯವಾಗಿ ಇರುವವರು ದಿನವೂ ಉಸಿರಾಡಿ ಬದುಕುತ್ತಾರೆ. ಸಕ್ಕರೆ ಕಾಯಿಲೆ ಕೈಮೀರಿದವರು, ಸ್ಟೀರಾಯ್ಡ್ ಮೇಲಿರುವವರು, ರಕ್ತದ ಕ್ಯಾನ್ಸರ್‌ಗೆ ಕೀಮೋ ತೆಗೆದುಕೊಂಡವರು, ಅಂಗಾಂಗ ಕಸಿ ಆದವರು, ಇವರಿಗೆ ಮಾತ್ರ ಇದು ಜೀವಕ್ಕೆ ಬರುತ್ತದೆ.

ಹಾಂಗ್‌ಕಾಂಗ್‌ನಲ್ಲಿ ವಿಚಿತ್ರ ಅಂದರೆ ಸೋಂಕು ಬಂದದ್ದು ಎಲ್ಲಿಂದ ಅನ್ನುವುದು. ಬೇಸಿಗೆಯ ಗಾಳಿಯಿಂದಲ್ಲ, ಕಟ್ಟಡ ಒಡೆದ ಧೂಳಿನಿಂದಲ್ಲ. ಲಾಂಡ್ರಿಯಲ್ಲಿ ಒಗೆದು, ಒಣಗಿಸಿ, ಮಡಚಿ, ‘ಕ್ಲೀನ್’ ಅಂತ ವಾರ್ಡಿಗೆ ಬಂದ ಹಾಸು ಹೊದಿಕೆಗಳಿಂದ, ರೋಗಿಗಳ ಉಡುಪುಗಳಿಂದ. ಆಸ್ಪತ್ರೆ ಬಟ್ಟೆಯಿಂದ ಶ್ವಾಸಕೋಶಕ್ಕೆ ಈ ಫಂಗಸ್ ಹತ್ತಿದ ವರದಿ ಅದಕ್ಕೂ ಮುಂಚೆ ಇರಲೇ ಇಲ್ಲ.

ಸರ್ಕಾರಿ ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸ ಹೊರಗೆ ಹೋದಾಗ ಅದರ ಮೇಲೆ ಯಾರು, ಹೇಗೆ ಕಣ್ಣಿಡಬೇಕು ಅನ್ನುವ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಪಾಠದ ಪ್ರಕರಣ ನನಗೆ ಸಿಕ್ಕಿಲ್ಲ. ಯಾಕೆಂದರೆ ಇಲ್ಲಿ ತಪ್ಪಿದ್ದು ಬಡ ಆಸ್ಪತ್ರೆಯಲ್ಲಿ ಅಲ್ಲ.

ಎಂಥ ಆಸ್ಪತ್ರೆ

ಕ್ವೀನ್ ಮೇರಿ ಆಸ್ಪತ್ರೆ ಹಾಂಗ್‌ಕಾಂಗ್ ದ್ವೀಪದ ಪೋಕ್‌ಫುಲಾಮ್ ಗುಡ್ಡದ ಮೇಲಿದೆ. ಶುರುವಾದದ್ದು 1937ರಲ್ಲಿ. ಹಾಂಗ್‌ಕಾಂಗ್ ವಿಶ್ವವಿದ್ಯಾಲಯದ ವೈದ್ಯಕೀಯ ವಿಭಾಗಕ್ಕೆ ಇದೇ ಬೋಧನಾ ಆಸ್ಪತ್ರೆ. ಪಿತ್ತಜನಕಾಂಗ ಕಸಿ, ಅಸ್ಥಿಮಜ್ಜೆ ಕಸಿ, ಹೃದಯದ ಕಸಿ, ಎಲ್ಲಕ್ಕೂ ಜನ ಇಲ್ಲಿಗೆ ಬರುತ್ತಾರೆ. ಅಂದರೆ ರೋಗನಿರೋಧಕ ಶಕ್ತಿಯನ್ನು ಔಷಧಿ ಕೊಟ್ಟು ಬೇಕೆಂತಲೇ ಕುಗ್ಗಿಸಿರುವ ರೋಗಿಗಳು ಒಂದೇ ಕಟ್ಟಡದಲ್ಲಿ ಜಾಸ್ತಿ ಇರುವ ಜಾಗ ಇದು.

ಹಾಂಗ್‌ಕಾಂಗ್‌ನ ಸರ್ಕಾರಿ ಆಸ್ಪತ್ರೆಗಳನ್ನೆಲ್ಲ ನೋಡಿಕೊಳ್ಳುವುದು ‘ಹಾಸ್ಪಿಟಲ್ ಅಥಾರಿಟಿ’ ಅನ್ನುವ ಶಾಸನಬದ್ಧ ಸಂಸ್ಥೆ. 1990ರಲ್ಲಿ ಹುಟ್ಟಿ, 1991ರ ಡಿಸೆಂಬರ್‌ನಲ್ಲಿ ಆಸ್ಪತ್ರೆಗಳ ಆಡಳಿತ ವಹಿಸಿಕೊಂಡಿತು. ದುಡ್ಡು ಸರ್ಕಾರದ್ದು, ಆಡಳಿತ ಇದರದ್ದು. ಆಸ್ಪತ್ರೆಗಳನ್ನು ಏಳು ಗುಂಪು ಮಾಡಿದ್ದಾರೆ, ಕ್ವೀನ್ ಮೇರಿ ಪಶ್ಚಿಮದ ಗುಂಪಿನಲ್ಲಿದೆ. ಇಷ್ಟು ಆಸ್ಪತ್ರೆಗಳ ಬಟ್ಟೆ ಒಂದೇ ಕಡೆ ಒಗೆಯಲು ಆಗುವುದಿಲ್ಲ. ಸ್ವಾರಸ್ಯ ಏನೆಂದರೆ, ಅಲ್ಲಿಯ ಆಸ್ಪತ್ರೆ ಬಟ್ಟೆಯ ಒಂದು ಪಾಲನ್ನು ಜೈಲುಗಳಲ್ಲಿ ಕೈದಿಗಳು ಒಗೆಯುತ್ತಾರೆ. ಜೈಲು ಇಲಾಖೆಯ ಕೈಗಾರಿಕಾ ಘಟಕಗಳಿಗೆ ಇದು ಹಳೆಯ ಕೆಲಸ. ಕ್ವೀನ್ ಮೇರಿಗೆ ಬಟ್ಟೆ ಒಗೆದು ಕೊಡುತ್ತಿದ್ದದ್ದು ಆಸ್ಪತ್ರೆಯ ಆವರಣದ ಹೊರಗಿದ್ದ ಒಂದು ಲಾಂಡ್ರಿ.

ಇನ್ನೊಂದು ಮಾತು. 2003ರಲ್ಲಿ ಸಾರ್ಸ್ ಬಂದು 299 ಜನರನ್ನು ಕಳೆದುಕೊಂಡ ಊರು ಅದು. ಆಮೇಲೆ ಸೋಂಕು ತಡೆಯ ವಿಷಯದಲ್ಲಿ ಹಾಂಗ್‌ಕಾಂಗ್ ತೋರಿಸಿದ ಶಿಸ್ತು ಎಲ್ಲರಿಗೂ ಗೊತ್ತು. ಅಲ್ಲಿನ ಸೂಕ್ಷ್ಮಜೀವಿ ತಜ್ಞ ಯುವೆನ್ ಕ್ವೋಕ್‌ಯುಂಗ್ ಜಗತ್ತಿಗೇ ಪರಿಚಿತರು, ಅವರ ತಂಡ ಇದ್ದದ್ದು ಇದೇ ಆಸ್ಪತ್ರೆಯಲ್ಲಿ. ಅಂಥ ಕಡೆ ಹೀಗಾಯಿತು.

ಪತ್ತೆ ಹಚ್ಚಿದ ಬಗೆ

ಆರು ಪ್ರಕರಣ ಕೇಳಲು ಕಡಿಮೆ. ಈ ಫಂಗಸ್ ವಿಷಯದಲ್ಲಿ ಅದು ಜಾಸ್ತಿ. ಒಂದೂವರೆ ತಿಂಗಳಲ್ಲಿ, ಒಂದೇ ಆಸ್ಪತ್ರೆಯಲ್ಲಿ, ಒಂದೇ ಜಾತಿ ಅಂದರೆ ಎಲ್ಲೋ ಒಂದು ಮೂಲ ಇದೆ ಅಂತಲೇ ಅರ್ಥ. ಆ ತಂಡಕ್ಕೆ ಇದರ ವಾಸನೆ ಬೇಗ ಹತ್ತಿದ್ದಕ್ಕೆ ಒಂದು ಹಿನ್ನೆಲೆಯೂ ಇದೆ. ಅದಕ್ಕೂ ಕೆಲವು ವರ್ಷ ಮೊದಲು ಅದೇ ಆಸ್ಪತ್ರೆಯ ರಕ್ತ ಕ್ಯಾನ್ಸರ್ ರೋಗಿಗಳಲ್ಲಿ ಇದೇ ಫಂಗಸ್ ಕರುಳಿಗೆ ಹತ್ತಿತ್ತು. ಆಗ ಅವರು ಹುಡುಕಿಕೊಂಡು ಹೋಗಿ ಮುಟ್ಟಿದ್ದು ಯೂರಿಕ್ ಆಸಿಡ್ ತಗ್ಗಿಸುವ ಅಲೋಪ್ಯೂರಿನಾಲ್ ಮಾತ್ರೆಗೆ, ಆ ಮಾತ್ರೆಗೆ ಬಳಸುವ ಮೆಕ್ಕೆಜೋಳದ ಪಿಷ್ಟಕ್ಕೆ. 2009ರಲ್ಲಿ ಅದು ಪ್ರಕಟವಾಗಿದೆ. ಹಾಗಾಗಿ ‘ಗಾಳಿಯಿಂದ ಬಂದಿರಬೇಕು ಬಿಡಿ’ ಅಂತ ಕೈತೊಳೆದುಕೊಳ್ಳುವ ಜನ ಅವರಲ್ಲ.

ಈ ಬಾರಿ ಚರ್ಮದ ಸೋಂಕು ಒಂದು ಸುಳಿವು. ಶ್ವಾಸಕೋಶಕ್ಕೆ ಮಾತ್ರ ಬಂದಿದ್ದರೆ ಗಾಳಿಯನ್ನೇ ದೂರಬಹುದಿತ್ತು. ಚರ್ಮಕ್ಕೂ ಬಂದಿದೆ ಅಂದರೆ ಮೈಗೆ ತಾಗುವ ಏನೋ ಒಂದು ಇರಬೇಕು. ಬ್ಯಾಂಡೇಜ್, ಪ್ಲಾಸ್ಟರ್, ಬಟ್ಟೆ. ಆಸ್ಪತ್ರೆಯಲ್ಲಿ ರೋಗಿಯ ಮೈಗೆ ಇಪ್ಪತ್ನಾಲ್ಕು ಗಂಟೆಯೂ ತಾಗಿರುವುದು ಬಟ್ಟೆಯೇ.

ಮೂರು ಬಗೆಯಲ್ಲಿ ಮಾದರಿ ತೆಗೆದರು. ಗಾಳಿ ಎಳೆದುಕೊಂಡು ಕಲ್ಚರ್ ತಟ್ಟೆಯ ಮೇಲೆ ಬೀಳಿಸುವ ಯಂತ್ರ ಒಂದು. ಅಂಚಿಗಿಂತ ಸ್ವಲ್ಪ ಉಬ್ಬಿದ ಅಗರ್ (ಸೂಕ್ಷ್ಮಜೀವಿ ಬೆಳೆಸುವ ಲೋಳೆ) ಇರುವ ಚಿಕ್ಕ ತಟ್ಟೆಗಳು ಇನ್ನೊಂದು, ಅವನ್ನು ಬಟ್ಟೆಯ ಮೇಲೆ ಹಾಗೇ ಒತ್ತಿದರೆ ಸಾಕು. ಮೂರನೆಯದು ಸ್ಪಂಜಿನಿಂದ ಒರೆಸಿ ತೆಗೆಯುವುದು. ಬಳಸಿದ ಬಟ್ಟೆಯನ್ನಷ್ಟೇ ನೋಡಿ ಬಿಡಲಿಲ್ಲ, ಆಗಷ್ಟೇ ಲಾಂಡ್ರಿಯಿಂದ ಬಂದ, ಯಾರೂ ಮುಟ್ಟದ ಬಟ್ಟೆಯನ್ನೂ ನೋಡಿದರು. ತನಿಖೆಯ ಜೀವ ಇರುವುದು ಇಲ್ಲೇ. ಬಳಸಿದ ಬಟ್ಟೆಯಲ್ಲಿ ಫಂಗಸ್ ಸಿಕ್ಕರೆ ರೋಗಿಯಿಂದ ಬಂತೋ ರೋಗಿಗೆ ಬಂತೋ ಹೇಳಲಾಗುವುದಿಲ್ಲ. ಒಗೆದು ತಂದ ಬಟ್ಟೆಯಲ್ಲಿ ಸಿಕ್ಕರೆ ಆ ಗೊಂದಲ ಇಲ್ಲ.

ಸಿಕ್ಕಿತು. ಒಗೆದ ಬಟ್ಟೆಯಲ್ಲಿ ಸಿಕ್ಕಿತು, ಲಾಂಡ್ರಿಯ ಪರಿಸರದಲ್ಲೂ ಸಿಕ್ಕಿತು. ರೋಗಿಗಳಿಂದ ತೆಗೆದ ಫಂಗಸ್ ಮತ್ತು ಬಟ್ಟೆಯಿಂದ ತೆಗೆದ ಫಂಗಸ್ ಒಂದಕ್ಕೊಂದು ಸಂಬಂಧಿಗಳು ಅಂತ ಜೀನ್ ಪರೀಕ್ಷೆ ಹೇಳಿತು. ಜೊತೆಗೆ ಬ್ಯಾಕ್ಟೀರಿಯಾ ಎಣಿಕೆಯನ್ನೂ ಮಾಡಿದರು. ಆರೋಗ್ಯ ಕ್ಷೇತ್ರದ ಬಟ್ಟೆಗೆ ಅಮೆರಿಕದ ಒಂದು ಪ್ರಮಾಣೀಕರಣ ವ್ಯವಸ್ಥೆ ಹೇಳುವ ಮಿತಿ 100 ಚದರ ಸೆಂಟಿಮೀಟರಿಗೆ 20 ಕಾಲನಿ, ಅಂದರೆ ತಟ್ಟೆಯಲ್ಲಿ ಬೆಳೆದು ಕಾಣುವ ಬ್ಯಾಕ್ಟೀರಿಯಾ ಚುಕ್ಕಿ. ಇಲ್ಲಿ ಒಗೆದ ಬಟ್ಟೆಯಲ್ಲಿ ಸಿಕ್ಕ ಸರಾಸರಿ 1028. ಐವತ್ತು ಪಟ್ಟು. ಈ ವರದಿ 2016ರಲ್ಲಿ ‘ಕ್ಲಿನಿಕಲ್ ಇನ್‌ಫೆಕ್ಷಿಯಸ್ ಡಿಸೀಸಸ್’ ಪತ್ರಿಕೆಯಲ್ಲಿ ಬಂತು. ಶೀರ್ಷಿಕೆಯಲ್ಲೇ ‘ಗುಣಮಟ್ಟವಿಲ್ಲದ ಲಾಂಡ್ರಿ’ ಅನ್ನುವ ಮಾತಿದೆ. ವಿಜ್ಞಾನ ಪತ್ರಿಕೆಗಳ ಮೆತ್ತಗಿನ ಭಾಷೆಗೆ ಅದು ಸಾಕಷ್ಟು ಗಟ್ಟಿ ಮಾತು.

ಆ ಸಂಖ್ಯೆಯ ಬಗ್ಗೆ ಒಂದು ಕ್ಷಣ ನಿಲ್ಲಬೇಕು. ಫಂಗಸ್ ಬಂದದ್ದು ಆಕಸ್ಮಿಕ ಅನ್ನಬಹುದಿತ್ತು. 1028 ಆಕಸ್ಮಿಕ ಅಲ್ಲ. ಒಂದು ದಿನ ಯಂತ್ರ ಕೆಟ್ಟರೆ ಹೀಗೆ ಬರುವುದಿಲ್ಲ. ಒಗೆತವೋ ಒಣಗಿಸುವುದೋ ಇಟ್ಟುಕೊಳ್ಳುವುದೋ, ಎಲ್ಲೋ ಒಂದು ಕಡೆ ಕ್ರಮವೇ ತಪ್ಪಿದೆ ಅಂತ ಇದು ಹೇಳುತ್ತದೆ. ಹಾಗೆ ಕ್ರಮ ತಪ್ಪಿದ್ದು ಯಾವ ರಿಜಿಸ್ಟರ್‌ನಲ್ಲೂ ಕಾಣಿಸುವುದಿಲ್ಲ. ಕಾಯಿಲೆ ಬಿದ್ದವರಿಂದಲೇ ಅದು ಹೊರಗೆ ಬಂತು.

ಒಗೆದ ಮೇಲೂ ಹೇಗೆ?

ಬಿಸಿನೀರಿನಲ್ಲಿ ಒಗೆದ ಮೇಲೆ ಏನಾದರೂ ಉಳಿಯುತ್ತದಾ? ಉಳಿಯುತ್ತದೆ. ಬ್ರಿಟನ್ನಿನ ಆರೋಗ್ಯ ಇಲಾಖೆಯ ನಿಯಮ ಹೀಗಿದೆ: ನೀರು 65 ಡಿಗ್ರಿಯಲ್ಲಿ ಕನಿಷ್ಠ 10 ನಿಮಿಷ, ಇಲ್ಲವೇ 71 ಡಿಗ್ರಿಯಲ್ಲಿ ಕನಿಷ್ಠ 3 ನಿಮಿಷ ಇರಬೇಕು. ಅಷ್ಟೇ ಅಲ್ಲ, ಬಟ್ಟೆಯ ರಾಶಿಯ ಒಳಕ್ಕೂ ಬಿಸಿ ಮುಟ್ಟಲು ಇನ್ನಷ್ಟು ಸಮಯ ಸೇರಿಸಬೇಕು. ಯಂತ್ರ ಹಗುರವಾಗಿ ತುಂಬಿದ್ದರೆ 4 ನಿಮಿಷ, ಒತ್ತಾಗಿ ತುಂಬಿದ್ದರೆ 8 ನಿಮಿಷ. ಅಮೆರಿಕದ ಸರ್ಕಾರಿ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 71 ಡಿಗ್ರಿಯಲ್ಲಿ 25 ನಿಮಿಷ ಅನ್ನುತ್ತದೆ. ಲೆಕ್ಕ ಬೇರೆ ಬೇರೆ, ಅರ್ಥ ಒಂದೇ. ಡಿಗ್ರಿ, ನಿಮಿಷ, ಯಂತ್ರಕ್ಕೆ ತುಂಬಿದ ತೂಕ, ಮೂರೂ ಕೂಡಿಯೇ ಒಗೆತ.

ಲಾಂಡ್ರಿ ನಡೆಸುವವನ ಕಡೆಯಿಂದ ನೋಡಿ. ಡಿಗ್ರಿ ಕಡಿಮೆ ಮಾಡಿದರೆ ಇಂಧನ ಉಳಿತಾಯ. ನಿಮಿಷ ಕಡಿಮೆ ಮಾಡಿದರೆ ದಿನಕ್ಕೆ ಇನ್ನೆರಡು ಲೋಡ್ ಹೆಚ್ಚು. ತೂಕ ಜಾಸ್ತಿ ತುಂಬಿದರೆ ನೀರು, ಸೋಪು, ಕರೆಂಟು ಎಲ್ಲ ಉಳಿತಾಯ. ಮೂರರಲ್ಲಿ ಯಾವುದನ್ನು ಮಾಡಿದರೂ ಬಟ್ಟೆ ನೋಡಲು ಬೆಳ್ಳಗೇ ಇರುತ್ತದೆ. ಬ್ಲೀಚ್ ಇದೆಯಲ್ಲ.

ರೈಜೋಪಸ್ ಮೈಕ್ರೋಸ್ಪೋರಸ್ ಬಿಸಿ ತಾಳುವ ಫಂಗಸ್. ನಮಗೆ ಸುಡುವ ಬಿಸಿಲು ಅನಿಸುವ 45 ಡಿಗ್ರಿಯಲ್ಲೂ ಅದು ಆರಾಮಾಗಿ ಬೆಳೆಯುತ್ತದೆ. ಒಗೆತದಲ್ಲಿ ಉಳಿದ ನಾಲ್ಕು ಬೀಜಕಣಕ್ಕೆ ಆಮೇಲೆ ಬೇಕಾದದ್ದು ತೇವ ಮಾತ್ರ. ತಿನ್ನಲು ಹತ್ತಿ ಬಟ್ಟೆ ಇದ್ದೇ ಇದೆ. ಮಳೆಗಾಲದಲ್ಲಿ ಮಲೆನಾಡಿನ ಮನೆಯಲ್ಲಿ ಅರೆಬರೆ ಒಣಗಿದ ಪಂಚೆಯನ್ನು ಮಡಚಿಟ್ಟರೆ ನಾಲ್ಕನೇ ದಿನ ಮುಗ್ಗಲು ವಾಸನೆ ಬರುತ್ತದಲ್ಲ, ಅದೇ ಕಥೆ. ಜೂನ್, ಜುಲೈ ಹಾಂಗ್‌ಕಾಂಗ್‌ನಲ್ಲೂ ಸೆಕೆ ಮತ್ತು ಮಳೆಯ ತಿಂಗಳು.

ಬೆಡ್‌ಶೀಟ್ ಬಿಸಿ ರೋಲರ್ ನಡುವೆ ಹಾದು ಬರುತ್ತದೆ, ಹಾಗಾಗಿ ಒಣಗುವುದು ಸುಲಭ. ಕಂಬಳಿ, ಟವೆಲ್, ರೋಗಿಯ ಅಂಗಿ ಪೈಜಾಮ ಹಾಗಲ್ಲ. ತಿರುಗುವ ಡ್ರೈಯರ್‌ನಲ್ಲಿ ಒಣಗಬೇಕು, ಹೊಲಿಗೆಯ ಅಂಚಿನಲ್ಲಿ, ಲಾಡಿಯ ಗಂಟಿನಲ್ಲಿ ತೇವ ಉಳಿಯುತ್ತದೆ. ಗಾಡಿ ಹೊರಡುವ ಹೊತ್ತಾಯಿತು ಅಂತ ಬಿಸಿಬಿಸಿ ಬಟ್ಟೆಯನ್ನೇ ಪ್ಲಾಸ್ಟಿಕ್ ಚೀಲಕ್ಕೆ ತುಂಬಿದರೆ ಒಳಗಡೆ ಬೆವರುತ್ತದೆ. ಇನ್ನೊಂದು ಕಡೆ, ಡ್ರೈಯರ್‌ನಿಂದ ಹೊರಡುವ ನೂಲಿನ ಧೂಳು. ಅದು ಲಾಂಡ್ರಿಯ ತೊಲೆ, ಫ್ಯಾನು, ಕಪಾಟುಗಳ ಮೇಲೆಲ್ಲ ಕೂತು, ಮತ್ತೆ ಒಗೆದ ಬಟ್ಟೆಯ ಮೇಲೆ ಬೀಳುತ್ತದೆ.

ಕೊನೆಯ ಹೆಜ್ಜೆ ವಾರ್ಡಿನಲ್ಲಿ. ಹಾಸಿಗೆ ಹಾಸುವಾಗ ಶೀಟನ್ನು ಕೊಡವುತ್ತಾರೆ, ಬೀಜಕಣ ಗಾಳಿಗೆ ಏಳುತ್ತದೆ, ರೋಗಿಯ ಮೂಗಿನ ಹತ್ತಿರವೇ. ಅಸ್ಥಿಮಜ್ಜೆ ಕಸಿ ವಾರ್ಡಿನಲ್ಲಿ ಗಾಳಿಯನ್ನು ಹೆಪಾ ಫಿಲ್ಟರ್‌ನಿಂದ ಸೋಸುತ್ತಾರೆ, ಬರುವವರಿಗೆ ಹೂವು ತರಬೇಡಿ ಅನ್ನುತ್ತಾರೆ, ಹಣ್ಣು ತರಬೇಡಿ ಅನ್ನುತ್ತಾರೆ. ಬಟ್ಟೆಯ ಟ್ರಾಲಿ ಮಾತ್ರ ದಿನವೂ ಸೀದಾ ಒಳಗೆ.

ಇದೊಂದೇ ಅಲ್ಲ

ಹಾಂಗ್‌ಕಾಂಗ್‌ಗೂ ಮುಂಚೆ ಅಮೆರಿಕದ ನ್ಯೂ ಆರ್ಲಿಯನ್ಸ್‌ನ ಮಕ್ಕಳ ಆಸ್ಪತ್ರೆಯಲ್ಲಿ ಇದಕ್ಕಿಂತ ಕೆಟ್ಟದ್ದು ನಡೆದಿತ್ತು. 2008ರ ಆಗಸ್ಟ್‌ನಿಂದ 2009ರ ಜುಲೈವರೆಗೆ ಐದು ಮಕ್ಕಳಿಗೆ ಚರ್ಮದ ಮ್ಯೂಕರ್‌ಮೈಕೋಸಿಸ್ ಬಂತು, ಐದೂ ಮಕ್ಕಳು ತೀರಿಕೊಂಡರು. ತನಿಖೆಯಲ್ಲಿ ಒಗೆದ ಬಟ್ಟೆ ಮತ್ತು ಬಟ್ಟೆಗೆ ಸಂಬಂಧಿಸಿದ ಜಾಗಗಳ 62 ಮಾದರಿಗಳಲ್ಲಿ 26ರಲ್ಲಿ ರೈಜೋಪಸ್ ಸಿಕ್ಕಿತು. ಬಟ್ಟೆಗೆ ಸಂಬಂಧವಿಲ್ಲದ 25 ಮಾದರಿಗಳಲ್ಲಿ ಒಂದರಲ್ಲಿ ಮಾತ್ರ. ಇದು ವೈದ್ಯಕೀಯ ಪತ್ರಿಕೆಯಲ್ಲಿ ಬಂದು ಜನರಿಗೆ ಗೊತ್ತಾಗುವಷ್ಟರಲ್ಲಿ 2014 ಆಗಿತ್ತು. ಐದು ವರ್ಷ! ಹಾಂಗ್‌ಕಾಂಗ್‌ನಲ್ಲಿ ಅದೇ ಬೇಸಿಗೆಯಲ್ಲೇ ಸುದ್ದಿ ಹೊರಗೆ ಬಂತು. ಸರ್ಕಾರಿ ವ್ಯವಸ್ಥೆಯನ್ನು ಬೈಯುವಾಗ ಈ ವ್ಯತ್ಯಾಸವನ್ನೂ ಹೇಳಬೇಕು ಅಂತ ನನಗನಿಸುತ್ತದೆ.

ಜಪಾನಿನಲ್ಲಿ ಫಂಗಸ್ ಅಲ್ಲ, ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾ ಮತ್ತೆ ಮತ್ತೆ ಬಳಸುವ ಟವೆಲ್‌ಗಳಿಂದ ಹರಡಿತ್ತು. ಅದಕ್ಕೂ ಗಟ್ಟಿ ಬೀಜಕಣ ಇದೆ, ಬಿಸಿನೀರಿಗೆ ಜಗ್ಗುವುದಿಲ್ಲ.

ಇವೆಲ್ಲ ಅಪರೂಪದ ಘಟನೆ ಅನ್ನುವವರಿಗೆ 2019ರ ಒಂದು ಅಧ್ಯಯನ ಇದೆ. ಅಮೆರಿಕದ 15 ದೊಡ್ಡ ಕಸಿ ಮತ್ತು ಕ್ಯಾನ್ಸರ್ ಆಸ್ಪತ್ರೆಗಳಿಗೆ ಒಗೆದು ಬಂದ ಬಟ್ಟೆಯನ್ನು ಪರೀಕ್ಷೆ ಮಾಡಿದಾಗ 7 ಕಡೆ ಇದೇ ಕುಟುಂಬದ ಫಂಗಸ್ ಸಿಕ್ಕಿತು. ಆ ಕಡೆಗಳಲ್ಲೆಲ್ಲ ರೋಗಿಗಳಿಗೆ ಸೋಂಕು ಬಂದಿದೆ ಅಂತ ಅಲ್ಲ. ಅಪಾಯ ಎಷ್ಟು ಹತ್ತಿರ ಕೂತಿದೆ ಅನ್ನುವುದಕ್ಕೆ ಸಾಕ್ಷಿ.

ಮೇಲ್ವಿಚಾರಣೆ ಯಾವ ಕಡೆ ನೋಡುತ್ತದೆ

ಇಲ್ಲಿಂದ ಮುಂದಿನದ್ದು ಹಾಂಗ್‌ಕಾಂಗ್‌ನ ಕಡತದ ಮಾತಲ್ಲ, ಅದನ್ನು ಓದಿ ನನಗೆ ಅನಿಸಿದ್ದು.

ಲಾಂಡ್ರಿ ಗುತ್ತಿಗೆಯ ಮೇಲ್ವಿಚಾರಣೆ ಅಂದರೆ ಎಲ್ಲ ಊರಲ್ಲೂ ಸಾಮಾನ್ಯವಾಗಿ ಎಣಿಕೆ. ಎಷ್ಟು ಹೋಯಿತು, ಎಷ್ಟು ಬಂತು, ಎಷ್ಟು ಹರಿದಿದೆ, ಎಷ್ಟು ಹೊತ್ತಿಗೆ ಬಂತು. ಕಮ್ಮಿ ಬಂದರೆ ಬಿಲ್ಲಿನಲ್ಲಿ ಕಡಿತ, ತಡವಾದರೆ ದಂಡ. ಸರ್ಕಾರದ ಆಸ್ತಿ ಕಳೆದುಹೋಗಬಾರದು ಅನ್ನುವ ಚಿಂತೆ ಇದರ ಹಿಂದಿದೆ. ಆ ಚಿಂತೆ ನ್ಯಾಯವಾದದ್ದೇ. ಬೆಡ್‌ಶೀಟ್ ಲೆಕ್ಕ ತಪ್ಪಿದರೆ ಆಡಿಟ್‌ನಲ್ಲಿ ಆಕ್ಷೇಪ ಬರುತ್ತದೆ, ಜವಾಬು ಕೊಡಬೇಕು. ಬೆಡ್‌ಶೀಟ್‌ನಲ್ಲಿ ತೇವ ಇತ್ತು ಅಂತ ಯಾವ ಆಡಿಟರೂ ಆಕ್ಷೇಪ ಬರೆಯುವುದಿಲ್ಲ.

ಇನ್ನು ಸೋಂಕಿನ ಬಗ್ಗೆ ಚಿಂತೆ ಮಾಡುವವರು ಇದ್ದಾರೆ, ಸೋಂಕು ನಿಯಂತ್ರಣ ಸಮಿತಿ. ಅವರ ಕಣ್ಣು ಸಹಜವಾಗಿ ಕೊಳೆ ಬಟ್ಟೆಯ ಮೇಲೆ. ರಕ್ತ ಆದದ್ದನ್ನು ಬೇರೆ ಚೀಲಕ್ಕೆ ಹಾಕಿದ್ದೀರಾ, ವಾರ್ಡಿನಲ್ಲೇ ಹಿಂಡಿ ತೊಳೆಯುತ್ತಿಲ್ಲ ತಾನೇ, ಹೊರುವವರು ಗ್ಲೋವ್ಸ್ ಹಾಕಿದ್ದಾರಾ. ಎಲ್ಲ ಸರಿಯೇ. ಒಗೆದು ಬಂದ ಮೇಲೆ ಅದು ಅವರ ಮನಸ್ಸಿನಲ್ಲಿ ಮುಗಿದ ಅಧ್ಯಾಯ. ಹಾಂಗ್‌ಕಾಂಗ್, ನ್ಯೂ ಆರ್ಲಿಯನ್ಸ್ ಎರಡರಲ್ಲೂ ಜೀವಕ್ಕೆ ಬಂದದ್ದು ಒಗೆದ ಕಡೆಯಿಂದ. ಆ ಕಡೆ ಎಣಿಸುವವರು ಇದ್ದರು, ಸೋಂಕಿನ ಕಣ್ಣಿಂದ ನೋಡುವವರು ಇರಲಿಲ್ಲ ಅಂತ ನನ್ನ ಊಹೆ. ಬಿಲ್ ಪಾಸ್ ಮಾಡುವ ಕೋಣೆ ಒಂದು, ಸೋಂಕಿನ ಕೋಣೆ ಇನ್ನೊಂದು ಆಗಿರುವವರೆಗೆ ಇದು ಹೀಗೇ.

ದರ ಹೇಗೆ ಕಟ್ಟುತ್ತೇವೆ ಅನ್ನುವುದು ಇನ್ನೊಂದು ಗಂಟು. ಕಿಲೋ ಲೆಕ್ಕದಲ್ಲಿ ಕೊಟ್ಟು, ಒಗೆದ ಮೇಲೆ ತೂಗಿದರೆ ತೇವಕ್ಕೂ ದುಡ್ಡು ಕೊಟ್ಟ ಹಾಗಾಯಿತು. ಗುತ್ತಿಗೆದಾರ ಪೂರ್ತಿ ಒಣಗಿಸಿದಷ್ಟೂ ಅವನಿಗೇ ನಷ್ಟ. ಕೊಳೆ ಬಟ್ಟೆಯನ್ನು ತೂಗಿದರೆ ಆ ತೊಂದರೆ ಇಲ್ಲ, ಆದರೆ ನೆಂದ ಬಟ್ಟೆಯ ನೀರಿಗೆ ಆಸ್ಪತ್ರೆ ಕೊಡುತ್ತದೆ, ತೂಗುವ ಜಾಗದಲ್ಲಿ ಕೊಳೆ ಬಟ್ಟೆ ಕೆದಕುವ ಕೆಲಸವೂ ಆಗುತ್ತದೆ. ಪೀಸ್ ಲೆಕ್ಕದಲ್ಲಿ ಕಂಬಳಿಯೂ ಒಂದೇ, ದಿಂಬಿನ ಕವರೂ ಒಂದೇ ಆಗದ ಹಾಗೆ ದರಪಟ್ಟಿ ಉದ್ದವಾಗುತ್ತದೆ. ತುಂಬಿದ ಹಾಸಿಗೆಗೆ ಇಷ್ಟು ಅಂತ ಕೊಟ್ಟರೆ ಕಡಿಮೆ ಒಗೆದವನಿಗೇ ಲಾಭ, ಆಗ ಶೀಟ್ ಬದಲಾಯಿಸುವುದು ದಿನ ಬಿಟ್ಟು ದಿನ ಆಗುತ್ತದೆ. ಯಾವ ದರವೂ ತಾನಾಗಿ ಒಳ್ಳೆಯದಲ್ಲ. ನನ್ನ ಆಯ್ಕೆ ಪೀಸ್ ಲೆಕ್ಕ, ಜೊತೆಗೆ ತೇವಕ್ಕೆ ಕಡಿತ.

ಹಾಗಾದರೆ ಪ್ರತಿ ವಾರ ಬಟ್ಟೆಯನ್ನು ಲ್ಯಾಬಿಗೆ ಕಳಿಸಿದರೆ ಆಯಿತಲ್ಲ ಅನ್ನಬಹುದು. ಇಲ್ಲಿ ಸ್ವಲ್ಪ ಎಚ್ಚರ ಬೇಕು. ಸಿಡಿಸಿಯ ಮಾರ್ಗಸೂಚಿ ಒಗೆದ ಬಟ್ಟೆಯನ್ನು ಸುಮ್ನೆ ದಿನನಿತ್ಯ ಕಲ್ಚರ್ ಮಾಡಬೇಡಿ ಅನ್ನುತ್ತದೆ, ಸೋಂಕು ಬಟ್ಟೆಯಿಂದ ಬಂದ ಅನುಮಾನ ಇದ್ದಾಗ ಮಾಡಿ ಅನ್ನುತ್ತದೆ. ಕಾರಣ ಇದೆ. ಸಾವಿರಾರು ಬಟ್ಟೆಯಲ್ಲಿ ನಾಲ್ಕನ್ನು ಒತ್ತಿ ನೋಡಿ ‘ಕ್ಲೀನ್’ ಅಂತ ಬಂದರೆ ಅದು ಏನೂ ಹೇಳುವುದಿಲ್ಲ. ಆದರೆ ಆ ಕಾಗದ ಕಡತದಲ್ಲಿ ಕೂತು ಎಲ್ಲರಿಗೂ ನೆಮ್ಮದಿ ಕೊಡುತ್ತದೆ, ಅದೇ ಅಪಾಯ. ವರದಿ ಬರುವಷ್ಟರಲ್ಲಿ ಆ ಬಟ್ಟೆಯನ್ನು ಯಾರೋ ಹೊದ್ದಾಗಿರುತ್ತದೆ ಬೇರೆ. ಆದ್ದರಿಂದ ಕ್ರಮವನ್ನು ನೋಡುವುದೇ ಮುಖ್ಯ: ಪ್ರತಿ ಲೋಡಿನ ಡಿಗ್ರಿ ಮತ್ತು ನಿಮಿಷ ಯಂತ್ರದಲ್ಲೇ ದಾಖಲಾಗಬೇಕು, ಕೈಯಲ್ಲಿ ಬರೆದ ಪುಸ್ತಕ ಅಲ್ಲ. ಕೈಯಲ್ಲಿ ಬರೆದ ಪುಸ್ತಕದಲ್ಲಿ ವರ್ಷವಿಡೀ 71 ಅಂತಲೇ ಇರುತ್ತದೆ, ಬೇಕಾದರೆ ನೋಡಿ. ಕಸಿ ವಾರ್ಡಿನಂಥ ಕಡೆಗೆ ಹೋಗುವ ಬಟ್ಟೆಗೆ ಮಾತ್ರ ನಿಯಮಿತ ಪರೀಕ್ಷೆ ಇಡುವುದು ಸರಿ ಅಂತ ನನ್ನ ಅಭಿಪ್ರಾಯ. ಅಲ್ಲಿಯ ರೋಗಿಗೆ ಎರಡನೇ ಅವಕಾಶ ಇಲ್ಲ.

ನಮ್ಮ ಕಡೆ

ಕರ್ನಾಟಕದಲ್ಲಿ 2021ರ ಬ್ಲ್ಯಾಕ್ ಫಂಗಸ್‌ಗೆ ಆಸ್ಪತ್ರೆ ಬಟ್ಟೆ ಕಾರಣ ಅಂತ ಯಾರೂ ಇದನ್ನು ಓದಿ ತೀರ್ಮಾನ ಮಾಡಬಾರದು. ಆಗ ಮುಖ್ಯವಾಗಿ ಮಾತಾಡಿದ್ದು ಸಕ್ಕರೆ ಕಾಯಿಲೆ ಮತ್ತು ಸ್ಟೀರಾಯ್ಡ್ ಬಗ್ಗೆ, ಅದಕ್ಕೆ ಆಧಾರವೂ ಇತ್ತು. ನಾನು ಹೇಳುತ್ತಿರುವುದು ಲಾಂಡ್ರಿ ಗುತ್ತಿಗೆಯ ಕಥೆ.

ನಮ್ಮಲ್ಲಿ ಲಾಂಡ್ರಿಯನ್ನು ನೋಡುವ ಚೌಕಟ್ಟು ಇಲ್ಲ ಅಂತಲ್ಲ. ಸರ್ಕಾರಿ ಆಸ್ಪತ್ರೆಗಳ ಸ್ವಚ್ಛತೆಗೆ ಅಂಕ ಹಾಕಿ ಪ್ರಶಸ್ತಿ ಕೊಡಲು ಕೇಂದ್ರ ಸರ್ಕಾರ 2015ರಲ್ಲಿ ಶುರು ಮಾಡಿದ ‘ಕಾಯಕಲ್ಪ’ದ ಅಂಕಪಟ್ಟಿಯಲ್ಲಿ ಲಾಂಡ್ರಿ ಮತ್ತು ಬಟ್ಟೆ ನಿರ್ವಹಣೆಗೆ ಬೇರೆ ಭಾಗವೇ ಇದೆ. ಮೊದಲು ಆಸ್ಪತ್ರೆಯವರೇ ಅಂಕ ಹಾಕಿಕೊಳ್ಳುತ್ತಾರೆ, ಆಮೇಲೆ ಪಕ್ಕದ ಆಸ್ಪತ್ರೆಯವರು ಬಂದು ನೋಡುತ್ತಾರೆ, ಕೊನೆಗೆ ಹೊರಗಿನ ತಂಡ. ಇದರಿಂದ ಎಷ್ಟೋ ತಾಲ್ಲೂಕು ಆಸ್ಪತ್ರೆಗಳ ಮುಖವೇ ಬದಲಾಗಿದೆ. ಆದರೆ ಅಂಕ ಹಾಕುವವರು ನಿಂತಿರುವುದು ಆಸ್ಪತ್ರೆಯ ಒಳಗೆ. ಲಾಂಡ್ರಿ ಇರುವುದು ಊರಾಚೆ. ಗೋಡೆಯ ಮೇಲಿನ ಪಟ್ಟಿ, ಕಪಾಟಿನಲ್ಲಿ ಜೋಡಿಸಿಟ್ಟ ಶೀಟು ಕಾಣುತ್ತದೆ, ಡ್ರೈಯರ್ ಕಾಣುವುದಿಲ್ಲ.

ಇನ್ನೊಂದು ವಿಚಿತ್ರ ಗಮನಿಸಿ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ರಕ್ತವಾಗಿ ಎಸೆಯುವ ಬೆಡ್‌ಶೀಟ್ ಹಳದಿ ಚೀಲಕ್ಕೆ ಹೋಗಬೇಕು. ಆ ಚೀಲಕ್ಕೆ ಬಾರ್‌ಕೋಡ್ ಇರಬೇಕು, ತೂಕ ಬರೆಯಬೇಕು, ಎಲ್ಲಿಗೆ ಹೋಯಿತು ಅಂತ ಲೆಕ್ಕ ಇರಬೇಕು, ಮಾಲಿನ್ಯ ನಿಯಂತ್ರಣ ಮಂಡಳಿ ಕೇಳುತ್ತದೆ. ಅದೇ ರಕ್ತವಾದ ಬೆಡ್‌ಶೀಟನ್ನು ಎಸೆಯದೆ ಒಗೆಯಲು ಕಳಿಸಿದರೆ ಅದು ತ್ಯಾಜ್ಯ ಅಲ್ಲ, ಆ ನಿಯಮ ಅದಕ್ಕೆ ಇಲ್ಲ. ಅಂದರೆ ಸುಟ್ಟು ಬೂದಿಯಾಗುವ ಬಟ್ಟೆಯ ಹಿಂದೆ ಬಿದ್ದಷ್ಟು ಕಾನೂನು, ನಾಳೆ ಇನ್ನೊಬ್ಬ ರೋಗಿಯ ಮೈಮೇಲೆ ಬರುವ ಬಟ್ಟೆಯ ಹಿಂದೆ ಇಲ್ಲ. ಅಲ್ಲಿ ಉಳಿಯುವುದು ಗುತ್ತಿಗೆ ಕರಾರು ಒಂದೇ.

ಹಾಗಾಗಿ ಕರಾರಿನಲ್ಲಿ ಏನು ಬರೆದಿದೆ ಅನ್ನುವುದು ಇಷ್ಟು ಮುಖ್ಯ. ನಮ್ಮಲ್ಲಿ ಟೆಂಡರ್ 1999ರ ಪಾರದರ್ಶಕತೆ ಕಾಯ್ದೆಯಡಿ ನಡೆಯುತ್ತದೆ. ತಾಂತ್ರಿಕ ಅರ್ಹತೆ ದಾಟಿದವರಲ್ಲಿ ಕಡಿಮೆ ದರ ಹಾಕಿದವರಿಗೆ ಕೆಲಸ, ಕಚೇರಿಯ ಮಾತಿನಲ್ಲಿ ಎಲ್‌1. ಎಲ್‌1 ಬಗ್ಗೆ ಬಹಳ ಜನ ಬೈಯುತ್ತಾರೆ. ನನ್ನ ತಕರಾರು ಎಲ್‌1 ಮೇಲಲ್ಲ, ತಾಂತ್ರಿಕ ಅರ್ಹತೆಯ ಪುಟದ ಮೇಲೆ. ಅಲ್ಲಿ ಸಾಮಾನ್ಯವಾಗಿ ಕೇಳುವುದು ವಹಿವಾಟು, ಅನುಭವ, ಜಿಎಸ್‌ಟಿ, ಇಪಿಎಫ್, ಇಎಸ್‌ಐ. ಒಣಗಿಸುವ ಯಂತ್ರದ ಸಾಮರ್ಥ್ಯ ಎಷ್ಟು, ಕೊಳೆ ಬಟ್ಟೆ ಒಳಬರುವ ಬಾಗಿಲು ಮತ್ತು ಒಗೆದದ್ದು ಹೊರಹೋಗುವ ಬಾಗಿಲು ಬೇರೆಯಾ, ಒಂದೇ ಗಾಡಿಯಲ್ಲಿ ಎರಡನ್ನೂ ಸಾಗಿಸುತ್ತೀರಾ, ಕರೆಂಟು ಹೋದರೆ ಏನು ಮಾಡುತ್ತೀರಿ, ಇವನ್ನು ಅಲ್ಲೇ ಕೇಳಿ, ಹೋಗಿ ನೋಡಿ ಬಂದರೆ ಅರ್ಧ ಸಮಸ್ಯೆ ಬಾಗಿಲಲ್ಲೇ ನಿಲ್ಲುತ್ತದೆ.

ಕರಾರಿಗೆ ನಾನು ಸೇರಿಸುವ ಮಾತುಗಳು ಹೆಚ್ಚಿಲ್ಲ. ಆಸ್ಪತ್ರೆಯ ಸೋಂಕು ನಿಯಂತ್ರಣ ನರ್ಸ್ ಯಾವಾಗ ಬೇಕಾದರೂ, ಹೇಳದೆ ಕೇಳದೆ, ಲಾಂಡ್ರಿಯ ಒಳಗೆ ಹೋಗಬಹುದು ಅಂತ ಒಂದು. ತಿಂಗಳ ಬಿಲ್ಲಿಗೆ ಉಗ್ರಾಣದವರ ಸಹಿಯ ಜೊತೆ ಆ ನರ್ಸ್ ಸಹಿಯೂ ಬೇಕು ಅಂತ ಇನ್ನೊಂದು. ಕೈಯಲ್ಲಿ ಹಿಡಿಯುವ ತೇವ ಅಳೆಯುವ ಉಪಕರಣ ಇಟ್ಟು, ಬಟ್ಟೆ ಇಳಿಸುವಾಗಲೇ ಕೆಲವನ್ನು ನೋಡಿ, ತೇವ ಇದ್ದರೆ ಇಡೀ ಟ್ರಾಲಿ ವಾಪಸ್. ಬಿಸಿಯಿದ್ದಾಗ ಪ್ಲಾಸ್ಟಿಕ್ ಮುಚ್ಚುವಂತಿಲ್ಲ. ಡ್ರೈಯರ್ ಸುತ್ತಿನ ನೂಲಿನ ಧೂಳು ತೆಗೆದ ದಿನಾಂಕ ಬರೆದಿರಬೇಕು. ಆ ಲಾಂಡ್ರಿ ಕೈಕೊಟ್ಟರೆ ಮಾರನೇ ದಿನವೇ ಬಟ್ಟೆ ಕೊಡಬಲ್ಲ ಇನ್ನೊಂದು ಲಾಂಡ್ರಿಯ ಹೆಸರು ಕರಾರಿನಲ್ಲೇ ಇರಬೇಕು. ಈ ಕೊನೆಯದನ್ನು ಜನ ಮರೆಯುತ್ತಾರೆ. ಬೇರೆ ದಾರಿ ಇಲ್ಲದ ಆಸ್ಪತ್ರೆ ಎಂಥ ಬಟ್ಟೆ ಬಂದರೂ ಇಳಿಸಿಕೊಳ್ಳುತ್ತದೆ, ಯಾಕೆಂದರೆ ಸಂಜೆ ಹಾಸಿಗೆಗೆ ಶೀಟ್ ಬೇಕು.

ಇದಕ್ಕೆಲ್ಲ ದರ ಸ್ವಲ್ಪ ಏರುತ್ತದೆ. ಪೂರ್ತಿ ಒಣಗಿಸಲು ಇಂಧನ ಬೇಕು, ಯಂತ್ರಕ್ಕೆ ಕಡಿಮೆ ತುಂಬಿದರೆ ಪಾಳಿ ಹೆಚ್ಚು ಬೇಕು, ಕೆಲಸದವರಿಗೆ ಕೂಲಿ ಬೇಕು. ಅದನ್ನು ಟೆಂಡರ್ ಕರೆಯುವ ಮೊದಲೇ ಅಂದಾಜು ಪಟ್ಟಿಯಲ್ಲಿ ತೋರಿಸಿ ಮಂಜೂರಾತಿ ತೆಗೆದುಕೊಳ್ಳಬೇಕು. ಹಳೆಯ ದರಕ್ಕೆ ಸಹಿ ಹಾಕಿಸಿಕೊಂಡು ಆಮೇಲೆ ಹೊಸ ಷರತ್ತು ಹೇಳಿದರೆ ಗುತ್ತಿಗೆದಾರ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ.